ಯಾವುದಾದರೂ ಒಂದು ಸೋಪು

ಹೋದ ತಿಂಗಳು ಒಂದು ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ನಮ್ಮ ಬೀದಿಯ ದಿನಸಿ ಅಂಗಡಿಗೆ ಹೊರಟೆ. ಪಕ್ಕದ ಮನೆಯ ಗೆಳೆಯನೂ ಗಾಲಿಕುರ್ಚಿಯಲ್ಲಿ ಜೊತೆಗೆ ಬಂದ. ಅಂಗಡಿ ಬಾಗಿಲಲ್ಲಿ ಒಂದೇ ಒಂದು ಮೆಟ್ಟಿಲು. ಅವನು ಎಂದಿನಂತೆ ಹೊರಗೇ ಉಳಿದು, "ನನಗೊಂದು ಸೋಪು ತಾ. ಯಾವುದಾದರೂ ಆದೀತು" ಎಂದ.

ವಾಪಸು ಬರುವಾಗ ಮೊಮ್ಮಗಳು ಕೇಳಿದಳು: "ನಿಮಗೆ ಯಾವ ಸೋಪು ಇಷ್ಟ ಅಜ್ಜ?"

ಅವನು ನಕ್ಕ. "ಮೂಸಿ ನೋಡಿ ಆರಿಸಿ 4 ವರ್ಷ ಆಯ್ತು ಪುಟ್ಟಿ. ಈಗ ನೆನಪಿಲ್ಲ."

ಆ 4 ವರ್ಷವೂ ಸೋಪು ತಂದುಕೊಟ್ಟವನು ನಾನೇ. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಒಮ್ಮೆಯೂ ಆ ಪ್ರಶ್ನೆ ಕೇಳಿರಲಿಲ್ಲ.

ಮರುದಿನ ನಾವಿಬ್ಬರೂ ಅಳತೆ ಟೇಪು ಹಿಡಿದು ಅಂಗಡಿಗೆ ಹೋದೆವು. ಮೆಟ್ಟಿಲು 6 ಇಂಚು ಎತ್ತರ. ಮಕ್ಕಳೇ, ಇಳಿಜಾರು ದಾರಿಗೆ ಒಂದು ಸುಲಭದ ಲೆಕ್ಕವಿದೆ: 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ಹಾಗಾದರೆ 6 ಇಂಚಿಗೆ? "6 ಅಡಿ!" ಎಂದಳು ಮೊಮ್ಮಗಳು.

ಒಳಗೂ ಅಳೆದೆವು. ಗಾಲಿಕುರ್ಚಿ ಸಲೀಸಾಗಿ ಸಾಗಲು ಸುಮಾರು 90 ಸೆಂಟಿಮೀಟರ್ ಅಗಲದ ದಾರಿ ಬೇಕು. ಇಲ್ಲಿ ಅಕ್ಕಿ ಮೂಟೆಗಳು ಅದರಲ್ಲಿ ಅರ್ಧ ನುಂಗಿದ್ದವು. ಸೋಪುಗಳು ನನ್ನ ತಲೆಗಿಂತ ಮೇಲೆ. ಕುಳಿತವರ ಕೈಗೆ ಸಿಗಬೇಕಾದರೆ ಸಾಮಾನು ನೆಲದಿಂದ 40ರಿಂದ 120 ಸೆಂಟಿಮೀಟರ್ ನಡುವೆ ಇರಬೇಕು. ಅಷ್ಟಾದರೆ ಮೊಮ್ಮಗಳ ಕೈಗೂ ಎಟುಕುತ್ತದೆ! ಬೆಲೆಚೀಟಿಯ ಅಕ್ಷರ ದೊಡ್ಡದಾಗಿದ್ದರೆ ಕನ್ನಡಕದ ನಮಗೂ ಅನುಕೂಲ.

"ಅಂಥ ಗಿರಾಕಿಗಳು ಬರೋದೇ ಇಲ್ಲವಲ್ಲ ಸಾರ್" ಎಂದರು ಅಂಗಡಿಯವರು.

"ಮೆಟ್ಟಿಲು ಇದೆಯಲ್ಲ, ಹೇಗೆ ಬರ್ತಾರೆ?" ಎಂದಳು ಮೊಮ್ಮಗಳು.

ಅವರು ಸುಮ್ಮನಾದರು. ಅಂಗವಿಕಲರ ಹಕ್ಕುಗಳಿಗಾಗಿ ನಮ್ಮ ದೇಶದಲ್ಲಿ 2016ರ ಕಾಯ್ದೆಯೇ ಇದೆ. ಜನ ಬಂದುಹೋಗುವ ಖಾಸಗಿ ಕಟ್ಟಡಗಳನ್ನೂ ಅದು ಬಿಟ್ಟಿಲ್ಲ. ಆದರೆ ಅವರನ್ನು ಒಪ್ಪಿಸಿದ್ದು ನನ್ನ ಕಾಯ್ದೆಯ ಮಾತಲ್ಲ, ಅವಳ ಪ್ರಶ್ನೆ. ಮೂಟೆಗಳು ಅಂದೇ ಗೋಡೆ ಬದಿಗೆ ಸರಿದವು. ಸೋಪುಗಳು ಕೆಳಗಿಳಿದವು. ಬೇಕೆಂದಾಗ ಹಾಕಿ ತೆಗೆಯುವ ಹಲಗೆಯ ಇಳಿಜಾರನ್ನು ಬಡಗಿಯಿಂದ ಮಾಡಿಸಿದರು.

ಮೊನ್ನೆ ಗೆಳೆಯ ಒಳಗೆ ಹೋದ. ಒಂದೊಂದೇ ಸೋಪು ಮೂಸುತ್ತಾ ಅರ್ಧ ಗಂಟೆ ಕಳೆದು, ಕೊನೆಗೆ ಒಂದನ್ನು ಎತ್ತಿಕೊಂಡ. ಅದು ನಾನು ಇಷ್ಟು ವರ್ಷ ತಂದುಕೊಡುತ್ತಿದ್ದ ಸೋಪಲ್ಲ!

ನಿಮ್ಮ ಬೀದಿಯ ಅಂಗಡಿಗೆ ಎಷ್ಟು ಮೆಟ್ಟಿಲು? ಈ ಭಾನುವಾರ ಅಜ್ಜ ಅಜ್ಜಿಯ ಜೊತೆ ಹೋಗಿ ಅಳೆದು ನೋಡಿ.