ಇಲಿ ಕುಡಿದ ನೀರು, ನಾವು ಬಡಿಸುವ ಪಾವು

ಬಾಟ್ಲಿ ನೀರು ಕುಡಿದರೆ ಕ್ಯಾನ್ಸರ್ ಬರುತ್ತದಂತೆ, ಹೌದೇ ಎಂದು ಗಲ್ಲಾದ ಮುಂದೆ ನಿಂತು ಕೇಳುವ ಗಿರಾಕಿಗಳು ಈಗ ಇದ್ದಾರೆ. ಕೇಟರಿಂಗ್ ಮಾಡುವ ನಮ್ಮ ಬಂಧುಗಳಿಗೆ ಮದುವೆ ಪಾರ್ಟಿಯವರಿಂದಲೂ ಈ ಪ್ರಶ್ನೆ ಬಂದಿರಬಹುದು. ನಾವು ಹೋಟೇಲಿನವರು ಕೊಡುವ ಉತ್ತರ ಸಾಮಾನ್ಯವಾಗಿ ಒಂದೇ: "ಅದೆಲ್ಲ ಇಲಿಗೆ ಕೊಡಪಾನಗಟ್ಟಲೆ ಕುಡಿಸಿ ನೋಡಿದ್ದು ಸ್ವಾಮೀ, ಮನುಷ್ಯರಿಗಲ್ಲ." ಅವರೂ ನಗುತ್ತಾರೆ, ನಾವೂ ನಗುತ್ತೇವೆ. ಈ ಉತ್ತರ ಅರ್ಧ ಮಾತ್ರ ಸರಿ ಎಂದು ನಮ್ಮ ಅಭಿಪ್ರಾಯ.

ಸಂಗತಿ ಹೀಗಿದೆ. ಪೊಟ್ಯಾಶಿಯಂ ಬ್ರೋಮೇಟ್ ಎಂಬುದೊಂದು ಬಿಳಿ ಪುಡಿ. 1980ರ ದಶಕದ ಮೊದಲ ವರ್ಷಗಳಲ್ಲಿ ಜಪಾನಿನ ಯೂಜಿ ಕುರೋಕಾವಾ ಮತ್ತು ಸಂಗಡಿಗರು ಇದನ್ನು ಕುಡಿಯುವ ನೀರಿನಲ್ಲಿ ಕರಗಿಸಿ ಇಲಿಗಳಿಗೆ ಎರಡು ವರ್ಷಕ್ಕೂ ಮಿಕ್ಕಿ ಕೊಟ್ಟರು. ಅಂದರೆ ಇಲಿಯ ಹೆಚ್ಚುಕಡಿಮೆ ಇಡೀ ಆಯುಷ್ಯ. ಒಂದು ಗುಂಪಿಗೆ ಲೀಟರಿಗೆ 250 ಮಿಲಿಗ್ರಾಂ, ಇನ್ನೊಂದಕ್ಕೆ 500, ಮತ್ತೊಂದಕ್ಕೆ ಬರೀ ನೀರು. ಬ್ರೋಮೇಟ್ ಕುಡಿದ ಇಲಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಮೂತ್ರಪಿಂಡದಲ್ಲಿ ಗಡ್ಡೆ ಬಂತು. ಬರೀ ನೀರು ಕುಡಿದವುಗಳಲ್ಲಿ ಅದು ಅಪರೂಪ. ಪ್ರಮಾಣ ಹೆಚ್ಚಾಯಿತು ಎನ್ನುವವರಿಗೆ ಉತ್ತರವಾಗಿ ಅವರೇ 15 ಮಿಲಿಗ್ರಾಂನಿಂದ ಮೇಲಕ್ಕೆ ಬೇರೆ ಬೇರೆ ಪ್ರಮಾಣ ಕೊಟ್ಟು ಮತ್ತೆ ನೋಡಿದರು. 125ಕ್ಕೇ ಗಡ್ಡೆಗಳು ಸ್ಪಷ್ಟವಾಗಿ ಹೆಚ್ಚಿದ್ದವು.

ನೀರಿಗೂ ಇದಕ್ಕೂ ಏನು ಸಂಬಂಧ ಎಂದರೆ, ನೀರಿನಲ್ಲಿ ಸಹಜವಾಗಿರುವ ಬ್ರೋಮೈಡ್, ಓಝೋನ್ ಹಾಯಿಸಿ ಶುದ್ಧ ಮಾಡುವಾಗ ಬ್ರೋಮೇಟ್ ಆಗುತ್ತದೆ. ಕುದಿಸಿದರೂ ಹೋಗುವುದಿಲ್ಲ. 2004ರಲ್ಲಿ ಇಂಗ್ಲೆಂಡಿನಲ್ಲಿ ಕೋಕಾ-ಕೋಲಾ ಕಂಪೆನಿ ಇದೇ ಕಾರಣಕ್ಕೆ ಡಸಾನಿ ನೀರಿನ ಸುಮಾರು 5 ಲಕ್ಷ ಬಾಟ್ಲಿ ವಾಪಸು ತೆಗೆದುಕೊಂಡಿತು. (ಅದು ನಳ್ಳಿ ನೀರನ್ನೇ ಶುದ್ಧ ಮಾಡಿ ತುಂಬಿಸಿದ್ದೆಂದು ಅಲ್ಲಿನ ಜನ ಮೊದಲೇ ನಗಾಡುತ್ತಿದ್ದರು.) ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಇಲಿ ಕುಡಿದ 250 ಮಿಲಿಗ್ರಾಂ ಅದರ 25,000 ಪಟ್ಟು. ಆದುದರಿಂದ ಬಾಟ್ಲಿಗೆ ಹೆದರುವ ಗಿರಾಕಿಗೆ ಧೈರ್ಯ ಹೇಳುವುದರಲ್ಲಿ ತಪ್ಪಿಲ್ಲ. ನೀರು ತರಿಸುವವನಲ್ಲಿ ಬ್ರೋಮೇಟ್ ಅಂಕಿ ಇರುವ ಪರೀಕ್ಷಾ ವರದಿ ಕೇಳಿದರೆ ಸಾಕು.

ನಮ್ಮ ತಲೆನೋವು ನೀರಲ್ಲ, ಪಾವು. ಇದೇ ಬ್ರೋಮೇಟನ್ನು ಮೈದಾಕ್ಕೆ ಹಾಕಿದರೆ ಹಿಟ್ಟು ಗಟ್ಟಿ ಹಿಡಿದು ಪಾವು ಉಬ್ಬುತ್ತದೆ. ಸರಿಯಾಗಿ ಬೇಯಿಸಿದರೆ ಅದು ಉಳಿಯುವುದಿಲ್ಲ ಎಂದು ಬೇಕರಿಯವರು ಹೇಳುತ್ತಿದ್ದರು. 2016ರ ಮೇ ತಿಂಗಳಲ್ಲಿ ದಿಲ್ಲಿಯ ಸೆಂಟರ್ ಫಾರ್ ಸಾಯನ್ಸ್ ಆಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ ಅಲ್ಲಿನ ಬ್ರೆಡ್, ಪಾವು, ಬನ್ ಹೀಗೆ 38 ಮಾದರಿ ಪರೀಕ್ಷಿಸಿತು. 32ರಲ್ಲಿ ಬ್ರೋಮೇಟ್ ಅಥವಾ ಅಯೋಡೇಟ್ ಉಳಿದಿತ್ತು, ಕಿಲೋಗೆ 1.15ರಿಂದ 22.54 ಮಿಲಿಗ್ರಾಂ. ಇದು ಮೈಕ್ರೋಗ್ರಾಂ ಅಲ್ಲ, ಮಿಲಿಗ್ರಾಂ ಎಂಬುದನ್ನು ಗಮನಿಸಬೇಕು. ಇಲ್ಲಿ ಇಲಿಗೂ ನಮಗೂ 25,000 ಪಟ್ಟು ಅಂತರ ಇಲ್ಲ. ಮರು ತಿಂಗಳೇ ಸರಕಾರ ಬ್ರೋಮೇಟ್ ನಿಷೇಧಿಸಿತು. ಇಂಗ್ಲೆಂಡ್ 1990ರಲ್ಲಿ, ಕೆನಡಾ 1994ರಲ್ಲಿ ಮಾಡಿದ ಕೆಲಸವಿದು.

ಬೇಕರಿಯವರನ್ನು ದೂರುವ ಮೊದಲು ನಮ್ಮದೇ ಒಂದು ಮಾತು ಹೇಳಬೇಕು. ನಿಷೇಧಕ್ಕೆ ಮುಂಚೆ ನಮ್ಮ ಹೋಟೇಲಿಗೆ ಬಹಳ ವರ್ಷಗಳಿಂದ ಒಬ್ಬರು ಕಟ್ಟಿಗೆ ಭಟ್ಟಿಯ ಪಾವು ತರುತ್ತಿದ್ದರು. ಪಾವು ಸ್ವಲ್ಪ ಚಪ್ಪಟೆ, ಮರುದಿನಕ್ಕೆ ಗಟ್ಟಿ. ಇನ್ನೊಬ್ಬ ಹತ್ತಿಯಂಥ ಪಾವು ತಂದು ತೋರಿಸಿದ, ಲಾದಿಗೆ ಕಡಿಮೆ ರೇಟು ಬೇರೆ. ಹಳಬರನ್ನು ಬಿಟ್ಟೆವು. ಅದರಲ್ಲಿ ಏನು ಹಾಕುತ್ತೀಯಪ್ಪಾ ಎಂದು ಒಂದು ದಿನ ಕೇಳಲಿಲ್ಲ. 2016ರಲ್ಲಿ ಪೇಪರು ಓದಿ ಕೇಳಿದಾಗ "ಇಂಪ್ರೂವರ್ ಪೌಡರ್ ಶೇಟ್, ಎಲ್ಲರೂ ಹಾಕುತ್ತಾರೆ" ಎಂದ. ಪೊಟ್ಟಣದ ಮೇಲೆ ಏನು ಬರೆದಿದೆ ಎಂದು ಅವನಿಗೂ ಗೊತ್ತಿರಲಿಲ್ಲ. ಹಳಬರನ್ನು ಹುಡುಕಿಕೊಂಡು ಹೋದರೆ ಭಟ್ಟಿ ಮುಚ್ಚಿ ಊರಿಗೆ ಹೋಗಿದ್ದರು.

ಬ್ರೋಮೇಟ್ ಇಲ್ಲದೆಯೂ ಪಾವು ಉಬ್ಬುತ್ತದೆ. ವಿಟಮಿನ್ ಸಿ, ಎಂಜೈಮ್ ಹಾಕಿ ಮಾಡುತ್ತಾರೆ, ಅಥವಾ ಹಿಟ್ಟನ್ನು ಹೆಚ್ಚು ಹೊತ್ತು ಹುಳಿ ಬರಲು ಬಿಡುತ್ತಾರೆ. ಹೊತ್ತೆಂದರೆ ಖರ್ಚು. ಲಾದಿಗೆ ಐವತ್ತು ಪೈಸೆ ಇಳಿಸಲು ಅರ್ಧ ಗಂಟೆ ಚೌಕಾಶಿ ಮಾಡುವ ನಾವು ಅದನ್ನು ಕೊಡಲು ತಯಾರಿರಬೇಕು. ಪಾವು ಪೂರೈಸುವವರಿಂದ ಬ್ರೋಮೇಟ್ ಇಲ್ಲವೆಂದು ಬಿಲ್ಲಿನ ಮೇಲೆ ಬರೆಸಿಕೊಳ್ಳುವ ಪದ್ಧತಿಯನ್ನು ಸಂಘವೇ ಶುರು ಮಾಡಲಿ. ಒಬ್ಬ ಮಾಲಕ ಕೇಳಿದರೆ ಬೇಕರಿಯವನು ಬೇರೆ ಗಿರಾಕಿ ನೋಡುತ್ತಾನೆ. ಎಲ್ಲರೂ ಕೇಳಿದರೆ ಪೊಟ್ಟಣ ಓದುತ್ತಾನೆ. ಮುಂದಿನ ಸಭೆಯಲ್ಲಿ ಈ ವಿಷಯ ತೆಗೆದುಕೊಳ್ಳಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿ.