ಕರ್ನಲ್ಲಿಗೆ ಬೀಗ ಹಾಕಿ ಅನ್ನೋ ಮಹನೀಯರಿಗೆ

"ಕರ್ನಲ್ ಅಪ್‌ಡೇಟ್ ಆದ್ಮೇಲೆ ವಿಎಂ ಕೆಟ್ಟುಹೋಯ್ತಾ? ಸಿಂಪಲ್ ಕಣೋ. ಕರ್ನಲ್ಲನ್ನ ಹೋಲ್ಡ್ ಮಾಡಿಬಿಡು. ಇನ್ಮೇಲೆ ಅಪ್‌ಡೇಟೇ ಬರಲ್ಲ, ತಲೆನೋವೂ ಇರಲ್ಲ."

ಕಳೆದ ತಿಂಗಳು ಈ ಉಪದೇಶ ನನಗೆ ಮೂರು ಜನರಿಂದ ಬಂತು. ಮೂವರೂ ನನ್ನ ಹಾಗೇ ಇಂಜಿನಿಯರುಗಳು, ಮೂವರೂ ಒಳ್ಳೆಯವರು. ಆದ್ರೂ ಈ ಮಾತು ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತೆ. ಯಾಕೆ ಅಂತ ಇವತ್ತು ಬರೆದು ಮುಗಿಸಿಬಿಡ್ತೀನಿ.

ಮೊದಲು ನನ್ನ ಕತೆ. ನಮ್ಮಜ್ಜ ತಾಳಮದ್ದಲೆಯಲ್ಲಿ ಅರ್ಥ ಹೇಳ್ತಿದ್ದವರು. ಅವರು ಬರೆದಿಟ್ಟ ಮೂರು ನೋಟ್‌ಬುಕ್ಕುಗಳು ಶಿರಸಿಯ ಮನೆಯ ಅಟ್ಟದಲ್ಲಿದ್ದವು. ಅವನ್ನ ಯುನಿಕೋಡಿನಲ್ಲಿ ಟೈಪ್ ಮಾಡಬೇಕು ಅಂತ ಬಹಳ ದಿನದ ಆಸೆ. ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಅದರೊಳಗೆ ಒಂದು ವರ್ಚುವಲ್ ಮಷೀನು, ಅದರೊಳಗೆ ಉಬುಂಟು. ಕನ್ನಡ ಬರೆಯೋದೆಲ್ಲ ಅಲ್ಲೇ. ದಿನಾ ರಾತ್ರಿ ಒಂದು ಸ್ಕ್ರಿಪ್ಟು ಓಡಿ, ಟೈಪ್ ಮಾಡಿದ್ದನ್ನೆಲ್ಲ ವಿಂಡೋಸ್ ಕಡೆಯ ಹಂಚಿಕೆ ಫೋಲ್ಡರಿಗೆ ಕಾಪಿ ಮಾಡ್ತಿತ್ತು. ಬ್ಯಾಕಪ್ ಅಂದ್ರೆ ಅದೇ.

ಒಂದು ದಿನ ಕರ್ನಲ್ ತಾನಾಗೇ ಅಪ್‌ಡೇಟ್ ಆಯ್ತು. ರೀಬೂಟ್ ಮಾಡಿದ್ರೆ ಪರದೆ ಅಂಗೈ ಅಗಲ. ಆಮೇಲೆ ನೋಡಿದರಾಯ್ತು ಅಂತ ಬಿಟ್ಟೆ. ಹತ್ತೊಂಬತ್ತು ದಿನ ಆ ಪುಟ್ಟ ಕಿಂಡಿಯಲ್ಲೇ ಟೈಪ್ ಮಾಡಿದೆ. ಕೊನೆಗೆ ತಾಳ್ಮೆ ತಪ್ಪಿ, "ಬ್ಯಾಕಪ್ ಹೇಗೂ ಇದೆಯಲ್ಲ" ಅಂತ ಹಳೇ ಸ್ನ್ಯಾಪ್‌ಶಾಟಿಗೆ ವಾಪಸ್ ಹೋದೆ. ಈಗಿನ ಸ್ಥಿತಿಯನ್ನ ಉಳಿಸಲಾ ಅಂತ ಅದು ಕೇಳಿತು ಕೂಡ. ಬೇಡ ಅಂದೆ.

ವಿಂಡೋಸ್ ಕಡೆ ಫೋಲ್ಡರ್ ತೆಗೆದು ನೋಡಿದ್ರೆ ಕೊನೆಯ ಫೈಲು ಹತ್ತೊಂಬತ್ತು ದಿನ ಹಳೆಯದು.

ಆಗಿದ್ದು ಇಷ್ಟು. ಹಂಚಿಕೆ ಫೋಲ್ಡರನ್ನ ಜೋಡಿಸೋಕೆ ಒಂದು ಕರ್ನಲ್ ಮಾಡ್ಯೂಲ್ ಬೇಕು. ಹೊಸ ಕರ್ನಲ್ಲಿಗೆ ಆ ಮಾಡ್ಯೂಲೇ ತಯಾರಾಗಿರಲಿಲ್ಲ. ಹಾಗಾಗಿ ಫೋಲ್ಡರ್ ಮೌಂಟ್ ಆಗಲಿಲ್ಲ. ಎಫ್‌ಎಸ್‌ಟ್ಯಾಬಿನಲ್ಲಿ ನಾನೇ 'ನೋಫೇಲ್' ಅಂತ ಬರೆದಿದ್ದರಿಂದ ಮಷೀನು ಸದ್ದಿಲ್ಲದೆ ಬೂಟ್ ಆಯ್ತು. ಮೌಂಟ್ ಆಗಬೇಕಿದ್ದ ಜಾಗದಲ್ಲಿ ಬರೀ ಖಾಲಿ ಡೈರೆಕ್ಟರಿ. ಪಾಪದ ಸ್ಕ್ರಿಪ್ಟು ಹತ್ತೊಂಬತ್ತು ರಾತ್ರಿಯೂ ಅದೇ ವಿಎಂನ ಡಿಸ್ಕಿನೊಳಗೇ ಕಾಪಿ ಮಾಡಿ 'ಯಶಸ್ವಿ' ಅಂತ ವರದಿ ಒಪ್ಪಿಸ್ತು. ಸ್ನ್ಯಾಪ್‌ಶಾಟ್ ಹಿಂದಕ್ಕೆ ಹೋದಾಗ ಅಸಲೂ ಹೋಯ್ತು, ನಕಲೂ ಹೋಯ್ತು.

ನೋಟ್‌ಬುಕ್ಕು ಇದೆ, ಮತ್ತೆ ಟೈಪ್ ಮಾಡಬಹುದು. ಆದ್ರೆ ಅಜ್ಜನ ಅಕ್ಷರ ನನಗೆ ಓದೋಕೆ ಬರಲ್ಲ. ಅಳಿಸಿಹೋದ ಪದಗಳನ್ನೆಲ್ಲ ಎಂಬತ್ನಾಲ್ಕರ ಅಜ್ಜಿ ಫೋನಿನಲ್ಲಿ ನೆನಪು ಮಾಡಿಕೊಂಡು ಹೇಳಿದ್ದರು. ಮತ್ತೆ ಫೋನ್ ಮಾಡಿದ್ರೆ, "ಮೊನ್ನೇ ಬರ್ಕಂಡಿದ್ಯಲಾ ತಮಾ, ಮತ್ತೆ ಎಂತಕ್ಕೆ?" ಅಂದರು. ಏನು ಹೇಳ್ಲಿ? ಡಿಕೆಎಂಎಸ್ ಕೈಕೊಡ್ತು ಅಜ್ಜಿ ಅಂತನಾ? :(

ಇಷ್ಟಾದ ಮೇಲೆ ಬಂದ ಸಾಂತ್ವನವೇ ಆ ಉಪದೇಶ, ಹೋಲ್ಡ್ ಮಾಡು ಅಂತ.

ಸ್ವಾಮಿ, ಇಲ್ಲಿ ತಪ್ಪು ಕರ್ನಲ್ಲಿನದೇ ಅಲ್ಲ. ಬಡಗಿ ಚೌಕಟ್ಟಿನ ಅಳತೆ ತೆಗೆದು ಬಾಗಿಲು ಮಾಡ್ತಾನೆ. ಚೌಕಟ್ಟು ಬದಲಾದ್ರೆ ಬಾಗಿಲನ್ನೂ ಮತ್ತೆ ಅಳತೆಗೆ ತರಬೇಕು. ಕರ್ನಲ್ ಮಾಡ್ಯೂಲೂ ಹಾಗೇ. ಯಾವ ಕರ್ನಲ್ಲಿಗೆ ಕಂಪೈಲ್ ಆಯ್ತೋ ಅದರ ಗುರುತು ಮಾಡ್ಯೂಲಿನೊಳಗೇ ಇರುತ್ತೆ. ತಾಳೆಯಾಗದಿದ್ರೆ ಕರ್ನಲ್ ಒಳಗೆ ಬಿಟ್ಟುಕೊಳ್ಳೋದಿಲ್ಲ. ಲಿನಕ್ಸಿನವರು ಇದನ್ನೇನೂ ಮುಚ್ಚಿಟ್ಟಿಲ್ಲ. ಒಳಗಿನ ಇಂಟರ್‌ಫೇಸು ಯಾವಾಗ ಬೇಕಾದ್ರೂ ಬದಲಾಗುತ್ತೆ, ನಿಮ್ಮ ಡ್ರೈವರನ್ನ ಕರ್ನಲ್ಲಿನ ಮರದೊಳಗೇ ತಂದು ಸೇರಿಸಿ, ಆಗ ಬದಲಾಯಿಸಿದವರೇ ಅದನ್ನೂ ಸರಿಮಾಡ್ತಾರೆ ಅಂತ ಗ್ರೆಗ್ ಕ್ರೋ-ಹಾರ್ಟ್‌ಮನ್ ಬರೆದ ಟಿಪ್ಪಣಿ ಕರ್ನಲ್ಲಿನ ದಾಖಲೆಗಳಲ್ಲೇ ವರ್ಷಗಳಿಂದ ಇದೆ.

ಹಾಗೆ ಒಳಗೆ ಬಂದವರ ಪಾಡು ನೋಡಿ. ರಸ್ಟಿ ರಸೆಲ್ ಶುರುಮಾಡಿದ ವರ್ಟಿಯೋ ಡ್ರೈವರುಗಳು 2008ರಲ್ಲಿ 2.6.24ರ ಜೊತೆ ಬಂದವು. ಕೆವಿಎಂ ಮೇಲೆ ಲಿನಕ್ಸ್ ಓಡಿಸುವವರು ಕರ್ನಲ್ ಅಪ್‌ಡೇಟಿಗೆ ಹೆದರಿದ್ದನ್ನ ನಾನಂತೂ ನೋಡಿಲ್ಲ. ಬೇರೆಯವರು ಬಿಡಿ, ಮೈಕ್ರೋಸಾಫ್ಟೇ 2009ರಲ್ಲಿ ತನ್ನ ಹೈಪರ್-ವಿ ಡ್ರೈವರುಗಳ ಸುಮಾರು 20,000 ಸಾಲು ಕೋಡನ್ನ ಜಿಪಿಎಲ್ ಅಡಿಯಲ್ಲಿ ತಂದುಕೊಟ್ಟಿತು! ವರ್ಚುವಲ್‌ಬಾಕ್ಸಿನ ಅತಿಥಿ ಡ್ರೈವರು 4.16ರಲ್ಲಿ, 2018ಕ್ಕೆ, ಒಳಗೆ ಬಂತು. ಹಂಚಿಕೆ ಫೋಲ್ಡರಿನ ಡ್ರೈವರು 5.6ರಲ್ಲಿ, 2020ಕ್ಕೆ. ಇಷ್ಟಾದರೂ ಇನ್ನೂ ಹೊರಗೇ ನಿಂತು, ಪ್ರತಿ ಕರ್ನಲ್ಲಿಗೂ ನೀವೇ ಕಂಪೈಲ್ ಮಾಡಿಕೊಳ್ಳಿ ಅನ್ನೋ ಮಾಡ್ಯೂಲುಗಳನ್ನ ನಾವು ಕಣ್ಣುಮುಚ್ಚಿ ಇನ್‌ಸ್ಟಾಲ್ ಮಾಡ್ತೀವಿ. ಆಮೇಲೆ ಬೈಯೋದು ಕರ್ನಲ್ಲಿಗೆ.

ಡಿಕೆಎಂಎಸ್ ಇರೋದು ಈ ಕಂಪೈಲ್ ಕೆಲಸವನ್ನ ತಾನಾಗೇ ಮಾಡೋಕೆ. ಡೆಲ್ ಕಂಪನಿಯವರು ಬರೆದದ್ದು, ಒಳ್ಳೇ ಉಪಕರಣ. ಮತ್ತೆ ನನಗ್ಯಾಕೆ ಕೈಕೊಡ್ತು? ಎರಡು ದಿನ ಲಾಗ್ ಕೆದಕಿದ ಮೇಲೆ ಸಿಕ್ಕ ಕಳ್ಳ ಯಾರು ಗೊತ್ತಾ? ಎಲ್ಲ ಟ್ಯುಟೋರಿಯಲ್ಲುಗಳಲ್ಲೂ ಇರುವ ಒಂದೇ ಒಂದು ಸಾಲು. "ಯುನೇಮ್ ಆಜ್ಞೆ ಯಾವ ಆವೃತ್ತಿ ಹೇಳುತ್ತೋ ಆ ಆವೃತ್ತಿಯ ಹೆಡರುಗಳನ್ನ ಹಾಕಿಕೊಳ್ಳಿ" ಅನ್ನೋ ಸಾಲು. ಅದನ್ನ ಹೊಡೆದಾಗ ಬರೋದು ಇವತ್ತು ಓಡ್ತಿರುವ ಕರ್ನಲ್ಲಿನ ಹೆಡರುಗಳು ಮಾತ್ರ. ಮುಂದಿನ ಕರ್ನಲ್ ಬಂದಾಗ ಅದರ ಹೆಡರುಗಳು ಜೊತೆಗೆ ಬರಲ್ಲ. ಹೆಡರಿಲ್ಲದೆ ಮಾಡ್ಯೂಲ್ ಕಂಪೈಲ್ ಆಗಲ್ಲ. ಡಿಕೆಎಂಎಸ್ ಒಂದು ಸಾಲು ಗೊಣಗಿ ಮುಂದೆ ಹೋಗುತ್ತೆ, ಅಪ್‌ಡೇಟು ತಾನಾಗೇ ನಡೆದಾಗ ಆ ಗೊಣಗಾಟ ಕೇಳೋಕೆ ಯಾರಿರ್ತಾರೆ? ಉಬುಂಟುವಿನಲ್ಲಾದ್ರೆ ಲಿನಕ್ಸ್-ಹೆಡರ್ಸ್-ಜೆನೆರಿಕ್, ಡೆಬಿಯನ್ನಿನಲ್ಲಾದ್ರೆ ಲಿನಕ್ಸ್-ಹೆಡರ್ಸ್-ಎಎಂಡಿ64 ಅನ್ನೋ ಮೆಟಾಪ್ಯಾಕೇಜು ಹಾಕಿಕೊಂಡಿದ್ರೆ ಪ್ರತಿ ಕರ್ನಲ್ಲಿನ ಬೆನ್ನಿಗೇ ಅದರ ಹೆಡರೂ ಬರ್ತಿತ್ತು. ಒಂದು ಪ್ಯಾಕೇಜಿನ ಹೆಸರು, ಅಷ್ಟೇ. ಇದನ್ನ ಹೇಳೋ ಬದಲು ಹೋಲ್ಡ್ ಮಾಡು ಅಂತೀರಲ್ಲ!

ಹೋಲ್ಡ್ ಮಾಡಿದ್ರೆ ಏನಾಗುತ್ತೆ ಅನ್ನೋದನ್ನೂ ಹೇಳ್ತೀನಿ. 2016ರಲ್ಲಿ ಡರ್ಟಿ ಕೌ ಬಯಲಾಯ್ತು. 2007ರಿಂದ ಕರ್ನಲ್ಲಿನಲ್ಲಿ ಕೂತಿದ್ದ ತೂತು, ಸಾಮಾನ್ಯ ಬಳಕೆದಾರನೂ ರೂಟ್ ಆಗಬಹುದಿತ್ತು. 2022ರ ಮಾರ್ಚಿನಲ್ಲಿ ಡರ್ಟಿ ಪೈಪ್. ಬರೀ ಓದೋಕೆ ಅನುಮತಿಯಿರುವ ಫೈಲನ್ನೂ ತಿದ್ದಬಹುದಿತ್ತು. ಮ್ಯಾಕ್ಸ್ ಕೆಲ್ಲರ್‌ಮನ್ ಅದನ್ನ ಕಂಡುಹಿಡಿದದ್ದು ಕೆಟ್ಟುಹೋಗ್ತಿದ್ದ ಲಾಗ್ ಫೈಲುಗಳ ಬೆನ್ನು ಹತ್ತಿ. ಎರಡಕ್ಕೂ ಪರಿಹಾರ ಹೊಸ ಕರ್ನಲ್ ಪ್ಯಾಕೇಜಿನ ರೂಪದಲ್ಲೇ ಬಂತು. ಹೋಲ್ಡ್ ಹಾಕಿ ಮರೆತವರ ಮನೆಗೆ ಅದು ತಲುಪಲೇ ಇಲ್ಲ.

"ಡರ್ಟಿ ಪೈಪ್ ಬಂದದ್ದೇ 5.8ರಲ್ಲಿ, ಹಳೇ ಕರ್ನಲ್ಲಿನಲ್ಲಿದ್ದವರು ಬಚಾವಾದರಲ್ಲ" ಅಂತ ಯಾರೋ ಹೇಳೇ ಹೇಳ್ತೀರಿ, ಗೊತ್ತು. ಬಚಾವಾದರು, ನಿಜ. ಆದ್ರೆ ಹೋಲ್ಡ್ ಹಾಕಿದ ದಿನ ನಿಮ್ಮ ಕರ್ನಲ್ಲಿನಲ್ಲಿ ಯಾವ ತೂತಿತ್ತು ಅಂತ ನಿಮಗೆ ಗೊತ್ತಿತ್ತಾ? ಅದು ಅದೃಷ್ಟ ಕಣ್ರೀ.

ಒಂದು ಮಾತು ಒಪ್ತೀನಿ. ಆಫೀಸಿನ ಸರ್ವರುಗಳಲ್ಲಿ "ಶನಿವಾರ ರಾತ್ರಿ ಅಪ್‌ಡೇಟ್ ಮಾಡೋಣ, ಅಲ್ಲೀತನಕ ತಡೆದಿಡಿ" ಅನ್ನೋದು ಸರಿ. ಅದಕ್ಕೆ ತಾರೀಖಿದೆ, ಜವಾಬ್ದಾರಿ ಹೊತ್ತ ಮನುಷ್ಯ ಇದ್ದಾನೆ. ನಮ್ಮ ಲ್ಯಾಪ್‌ಟಾಪಿನ ವಿಎಂಗೆ ಹಾಕಿದ ಹೋಲ್ಡಿಗೆ ತಾರೀಖೇ ಇಲ್ಲ.

ನನ್ನ ತಪ್ಪೂ ಇದೆ, ಇಲ್ಲ ಅನ್ನಲ್ಲ. ಪರದೆ ಚಿಕ್ಕದಾದ ದಿನವೇ ವಿಚಾರಿಸಬೇಕಿತ್ತು, ಅದೂ ಇದೂ ಒಂದೇ ಕಾಯಿಲೆಯ ಲಕ್ಷಣ. ಈಗ ಸ್ಕ್ರಿಪ್ಟಿನ ಮೊದಲ ಸಾಲಲ್ಲೇ ಮೌಂಟ್‌ಪಾಯಿಂಟ್ ಆಜ್ಞೆ ಇಟ್ಟಿದ್ದೀನಿ, ಫೋಲ್ಡರ್ ಮೌಂಟ್ ಆಗಿಲ್ಲ ಅಂದ್ರೆ ಕೂಗಿಕೊಂಡು ನಿಲ್ಲುತ್ತೆ. ಅದೂ ಸಾಲದು ಅಂತ, ಮೌಂಟ್ ಆಗದೆ ಇರುವಾಗ ಆ ಖಾಲಿ ಡೈರೆಕ್ಟರಿಗೆ ಸಿಎಚ್‌ಅಟ್ಟರ್‌ನಿಂದ ಇಮ್ಯೂಟಬಲ್ ಗುರುತು ಹಾಕಿದ್ದೀನಿ. ಮೌಂಟ್ ಆಗದಿದ್ರೆ ರೂಟ್ ಕೂಡ ಅದರೊಳಗೆ ಒಂದಕ್ಷರ ಬರೆಯೋಕಾಗಲ್ಲ, ಮೌಂಟ್ ಆದ್ರೆ ಎಂದಿನ ಹಾಗೇ ಕೆಲಸ ಮಾಡುತ್ತೆ. ಮೆಟಾಪ್ಯಾಕೇಜೂ ಹಾಕಿದ್ದೀನಿ. ಆಮೇಲೆ ಎರಡು ಸಲ ಕರ್ನಲ್ ಬದಲಾಯ್ತು, ಎರಡೂ ಸಲ ಮಾಡ್ಯೂಲ್ ತಾನಾಗೇ ತಯಾರಾಯ್ತು. ಮುಂದಿನ ಬಿಡುವಿನಲ್ಲಿ ಈ ಹೊರಗಿನ ಮಾಡ್ಯೂಲನ್ನೇ ಕಿತ್ತುಹಾಕಿ, ಒಳಗಿನ ಡ್ರೈವರುಗಳಷ್ಟೇ ಸಾಕಾಗುವ ಕಡೆಗೆ ಹೋಗೋದು.

ಮೂರು ಜನ ಹೋಲ್ಡ್ ವಾದಿಗಳೂ ಇದನ್ನ ಓದ್ತಾರೆ ಅಂತ ಗೊತ್ತು. ಜಗಳಕ್ಕೆ ಬನ್ನಿ, ಭಾನುವಾರ ಮಾತ್ರ ಬೇಡ. ಅವತ್ತು ಅಜ್ಜಿಗೆ ಫೋನ್ ಮಾಡ್ಬೇಕು, ಎರಡನೇ ನೋಟ್‌ಬುಕ್ಕಿನ ಮೊದಲ ಪುಟದಿಂದ.