ಎಂಜಿನಿನ ಕಸಿಗೂ ಒಂದು ಕಲಮು ಬೇಕು

ಹಳೆಯ ಚಿಕ್ಕ ಕಾರಿನ ಎಂಜಿನನ್ನು ಕಳಚಿ, ಆ ಜಾಗದಲ್ಲಿ ಟರ್ಬೊ ಇರುವ ಹೆಚ್ಚು ಶಕ್ತಿಯ ಎಂಜಿನನ್ನು ಕೂರಿಸುವ ವಿಷಯ ನಮ್ಮ ಗಡಿನಾಡಿನ ತರುಣರ ಮಾತುಕತೆಯಲ್ಲಿ ಸಿನಿಮಾ, ಕ್ರಿಕೆಟ್‌ಗಳಿಗೆ ಸರಿಸಮನಾದ ಸ್ಥಾನವನ್ನು ಪಡೆದಿದೆ. ಸೀತಾಂಗೋಳಿ ಪೇಟೆಯಲ್ಲಿ ಬಸ್ಸಿಗಾಗಿ ಕಾಯುವ ವಿದ್ಯಾರ್ಥಿಗಳು ತುಳು, ಕನ್ನಡ, ಮಲಯಾಳ, ಬ್ಯಾರಿ ನುಡಿಗಳನ್ನು ಬೆರೆಸಿ ಇದನ್ನು ಚರ್ಚಿಸುವಾಗ ತೋರುವ ಏಕಾಗ್ರತೆಯನ್ನು ಹಳಗನ್ನಡದ ಪಾಠದಲ್ಲಿಯೂ ತೋರಬಾರದೇ ಎಂದು ನನಗೆ ಅನ್ನಿಸಿದ್ದುಂಟು. ಈ ಆಸಕ್ತಿಯನ್ನು ಬರಿಯ ಪುಂಡಾಟವೆಂದು ತಳ್ಳಿಹಾಕುವ ಹಿರಿಯರ ಮಾತನ್ನು ನಾನು ಒಪ್ಪಲಾರೆ. ಹಾಗೆಂದು ಮೆಚ್ಚಿ ಸುಮ್ಮನಿರುವಂತೆಯೂ ಇಲ್ಲ. ಇದು ರಸ್ತೆಯ ಬದಿಯಲ್ಲಿ ನಡೆದು ಹೋಗುವವರ ಪ್ರಾಣಕ್ಕೆ ಸಂಬಂಧಿಸಿದ ವಿಷಯ. ಇಂತಹ ಮಾರ್ಪಾಟುಗಳನ್ನು ಸಾರಾಸಗಟಾಗಿ ನಿಷೇಧಿಸುವುದರ ಬದಲು, ಪರೀಕ್ಷಿಸಿ, ದಾಖಲಿಸಿ, ಅರ್ಹವಾದುದಕ್ಕೆ ಮಾತ್ರ ಅನುಮತಿ ನೀಡುವ ವ್ಯವಸ್ಥೆ ಬೇಕೆಂಬುದು ನನ್ನ ಅಭಿಪ್ರಾಯ.

ಮೊದಲು ವಿಷಯದ ಪರಿಚಯ. ಹಿಂಬದಿಯಲ್ಲಿ ಮೇಲಕ್ಕೆ ತೆರೆಯುವ ಬಾಗಿಲುಳ್ಳ ಚಿಕ್ಕ ಕಾರು ಹ್ಯಾಚ್‌ಬ್ಯಾಕ್. ಅದೇ ಹಗುರ ಮೈಗೆ ಚುರುಕಾದ ಎಂಜಿನನ್ನು ಜೋಡಿಸಿದರೆ ಅದು 'ಹಾಟ್ ಹ್ಯಾಚ್'. 1976ರಲ್ಲಿ ಮಾರುಕಟ್ಟೆಗೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಈ ಬಗೆಯನ್ನು ಜನಪ್ರಿಯಗೊಳಿಸಿತು. ನಮ್ಮ ದೇಶದಲ್ಲಿ 2001ರಲ್ಲಿ ಬಂದ ಫಿಯೆಟ್ ಪಾಲಿಯೊ 1.6 ಈ ಸಾಲಿಗೆ ಸೇರುವಂಥದು. ಇನ್ನು ಟರ್ಬೊ ಎಂಬುದು ಹೊಸ ಸಂಗತಿಯೇನಲ್ಲ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿಯೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ಎಂಜಿನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಚಿಕ್ಕ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಹೆಚ್ಚು ಗಾಳಿ ಬಂದರೆ ಹೆಚ್ಚು ಇಂಧನವನ್ನು ಉರಿಸಬಹುದು, ಹೆಚ್ಚು ಶಕ್ತಿಯನ್ನು ಪಡೆಯಬಹುದು. ವ್ಯರ್ಥವಾಗಿ ಹೋಗುತ್ತಿದ್ದುದನ್ನು ಮತ್ತೆ ದುಡಿಸಿಕೊಳ್ಳುವ ಜಾಣತನವಿದು.

ಇದರ ಫಲವನ್ನು ಒಂದು ಹೋಲಿಕೆಯಿಂದ ತಿಳಿಯಬಹುದು. ಪಾಲಿಯೊದ 1.6 ಲೀಟರ್ ಎಂಜಿನಿನ ಶಕ್ತಿ ಸುಮಾರು 100 ಅಶ್ವಶಕ್ತಿ. ಅದೇ ಕಂಪೆನಿ 2010ರಲ್ಲಿ ಇಲ್ಲಿಗೆ ತಂದ ಲಿನಿಯಾ ಟಿ-ಜೆಟ್ ಕಾರಿನ ಟರ್ಬೊ ಎಂಜಿನು ಕೇವಲ 1.4 ಲೀಟರಿನದಾದರೂ ಅದರ ಶಕ್ತಿ 114. ಚಕ್ರವನ್ನು ತಿರುಗಿಸುವ ಬಲವಂತೂ ಹೆಚ್ಚುಕಡಿಮೆ ಒಂದೂವರೆ ಪಟ್ಟು. 2015ರ ಅಬಾರ್ತ್ ಪುಂಟೊದಲ್ಲಿ ಅದೇ 1.4 ಲೀಟರ್ ಎಂಜಿನು 145ರವರೆಗೆ ಏರಿತು. ಅಪಘಾತಕ್ಕೀಡಾದ ಲಿನಿಯಾದ ಎಂಜಿನೊಂದು ಗುಜರಿಯಲ್ಲಿ ಅಗ್ಗವಾಗಿ ದೊರೆತರೆ, ಮನೆಯಂಗಳದಲ್ಲಿ ನಿಂತ ಹಳೆಯ ಪಾಲಿಯೊಗೆ ಅದನ್ನು ಕೂರಿಸಬಾರದೇಕೆ ಎಂಬ ಪ್ರಶ್ನೆ ತರುಣರಿಗೆ ಏಳುವುದು ಸಹಜವೇ.

ಈ ಕೆಲಸವನ್ನು ಅವರು 'ಸ್ವಾಪ್' ಎನ್ನುತ್ತಾರೆ. ನಾನು 'ಕಸಿ' ಎನ್ನಲು ಬಯಸುತ್ತೇನೆ. ಗೇರುಗಿಡದ ಕಸಿಯನ್ನು ನಮ್ಮ ಜಿಲ್ಲೆಯ ಕೃಷಿಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂತ್ರಪಿಂಡವನ್ನು ಒಬ್ಬರಿಂದ ತೆಗೆದು ಇನ್ನೊಬ್ಬರಿಗೆ ಜೋಡಿಸುವುದನ್ನೂ ಕನ್ನಡ ಅದೇ ಪದದಿಂದ ಕರೆಯುತ್ತದೆ. ನಾನು ಕಲಿತ ಶಾಲೆಯಲ್ಲಿ ಕನ್ನಡ, ಮರಾಠಿ ಎರಡೂ ಇದ್ದವು. ಮರಾಠಿಯಲ್ಲಿ ಗಿಡದ ಕಸಿಗೆ 'ಕಲಮ' ಎನ್ನುತ್ತಾರೆ. ಲೇಖನಿಗೂ ಅದೇ ಪದ, ಕಾನೂನಿನ ವಿಧಿಗೂ ಅದೇ ಪದ. ಈ ಕೊನೆಯ ಅರ್ಥದಲ್ಲಿ ಅದು ಕನ್ನಡಕ್ಕೂ ಬಂದು 'ಕಲಮು' ಆಗಿದೆ. ಕಸಿ ಮಾಡುವವನು ತಿಳಿದಿರಬೇಕಾದ ಮೊದಲ ಪಾಠವೆಂದರೆ ಬೇರುಗಿಡದ ದಪ್ಪಕ್ಕೂ ಕಸಿಕಡ್ಡಿಯ ದಪ್ಪಕ್ಕೂ ಹೊಂದಿಕೆಯಿರಬೇಕೆಂಬುದು. ಹೊಂದಿಕೆಯಿಲ್ಲದ ಕಸಿ ಮೊದಲು ಚಿಗುರಿದಂತೆ ಕಂಡರೂ ಗಾಳಿಗೆ ಮುರಿದುಬೀಳುತ್ತದೆ.

ಕಾರಿನ ಕಸಿಯಲ್ಲಿಯೂ ಹೀಗೆಯೇ. ಎಂಜಿನು ಒಂದೇ ಬದಲಾದರೆ ಸಾಲದು. ಅದನ್ನು ಹಿಡಿದಿಡುವ ಆಧಾರಗಳನ್ನು ಹೊಸದಾಗಿ ಮಾಡಬೇಕು. ಹೆಚ್ಚಿದ ಬಲವನ್ನು ತಾಳಬಲ್ಲ ಕ್ಲಚ್ಚು, ಗೇರುಪೆಟ್ಟಿಗೆ, ಚಕ್ರಕ್ಕೆ ಶಕ್ತಿ ಒಯ್ಯುವ ದಂಡಗಳು ಬೇಕು. ಟರ್ಬೊ ಒತ್ತಿದ ಗಾಳಿ ಬಿಸಿಯಾಗುವುದರಿಂದ ಅದನ್ನು ತಂಪುಗೊಳಿಸುವ ಇಂಟರ್‌ಕೂಲರ್ ಬೇಕು, ರೇಡಿಯೇಟರ್ ದೊಡ್ಡದಾಗಬೇಕು. ಎಂಜಿನನ್ನು ನಿಯಂತ್ರಿಸುವ ಕಂಪ್ಯೂಟರು ತನ್ನ ಮೂಲ ಕಾರಿನ ಕೀಲಿಕೈಯನ್ನೂ ಸಂವೇದಕಗಳನ್ನೂ ಹುಡುಕುತ್ತದೆ. ಅದರ ತಂತಿಜಾಲವನ್ನು ಒಂದೊಂದಾಗಿ ಬಿಡಿಸಿ ಹಳೆಯ ಕಾರಿಗೆ ಹೆಣೆಯಬೇಕು. ಎಲ್ಲಕ್ಕಿಂತ ಮುಖ್ಯವಾದುದು ಬ್ರೇಕು. ಗಂಟೆಗೆ 50 ಕಿಲೊಮೀಟರ್ ವೇಗದ ಕಾರನ್ನು ನಿಲ್ಲಿಸುವಾಗ ಬ್ರೇಕು ಕರಗಿಸಬೇಕಾದ ಚಲನಶಕ್ತಿಯು ವೇಗ 70ಕ್ಕೆ ಏರಿದಾಗ ಸುಮಾರು ಎರಡು ಪಟ್ಟಾಗುತ್ತದೆ. ವೇಗ ಏರುವುದು ಸ್ವಲ್ಪ, ನಿಲ್ಲುವ ದೂರ ಬೆಳೆಯುವುದು ಬಹಳ. ಕುಂಬಳೆಯಿಂದ ಸೀತಾಂಗೋಳಿಯ ಮೂಲಕ ಬದಿಯಡ್ಕದ ಕಡೆಗೆ ಸಾಗುವ ರಸ್ತೆಯಲ್ಲಿ ತಿರುವಿನಾಚೆ ಶಾಲೆಯ ಮಕ್ಕಳಿರಬಹುದು, ಹಟ್ಟಿಗೆ ಮರಳುವ ದನವಿರಬಹುದು. ಅಂತಹ ಕಡೆ ಈ ಲೆಕ್ಕ ಕಾಗದದ ಲೆಕ್ಕವಾಗಿ ಉಳಿಯುವುದಿಲ್ಲ.

ಕಾರ್ಖಾನೆಗಳೇ ಈ ಕೆಲಸವನ್ನು ಮಾಡಿದಾಗ ಎಷ್ಟನ್ನು ಬದಲಿಸಿದವು ಎಂಬುದನ್ನು ನೋಡಬೇಕು. 1980ರಲ್ಲಿ ಫ್ರಾನ್ಸಿನ ರೆನೊ ಕಂಪೆನಿ ತನ್ನ ಸಾಧಾರಣ ರೆನೊ 5 ಕಾರಿನಿಂದ 'ರೆನೊ 5 ಟರ್ಬೊ' ಎಂಬುದನ್ನು ರೂಪಿಸಿತು. ಮುಂದಿದ್ದ ಎಂಜಿನು ಹಿಂದಿನ ಆಸನದ ಜಾಗಕ್ಕೆ ಬಂತು, ಮುಂದಿನ ಚಕ್ರಗಳ ಬದಲು ಹಿಂದಿನ ಚಕ್ರಗಳು ಕಾರನ್ನು ತಳ್ಳತೊಡಗಿದವು, ಮೈ ಅಗಲವಾಯಿತು. 1.4 ಲೀಟರಿನ ಎಂಜಿನಿನಿಂದ 160 ಅಶ್ವಶಕ್ತಿಯನ್ನು ಪಡೆಯಲು ಹೆಸರೊಂದನ್ನು ಬಿಟ್ಟು ಬಹುಪಾಲು ಕಾರನ್ನೇ ಮತ್ತೆ ಕಟ್ಟಬೇಕಾಯಿತು.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ ನಮ್ಮಲ್ಲಿಯೇ ಇದೆ. ಸೀತಾಂಗೋಳಿಯಲ್ಲಿ 2012ರಿಂದ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಘಟಕವಿದೆ. ವಿಮಾನಗಳಿಗೆ ಬೇಕಾದ ಕಂಪ್ಯೂಟರುಗಳು ಅಲ್ಲಿ ತಯಾರಾಗುತ್ತವೆ. ಅದೇ ಸಂಸ್ಥೆ ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರ ಮುಂದಾಳುತನದಲ್ಲಿ ರೂಪಿಸಿದ 'ಮರುತ್' ಯುದ್ಧವಿಮಾನ 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿತು. ಅದರ ಮೈಯನ್ನು ಶಬ್ದಾತೀತ ವೇಗಕ್ಕೆಂದು ರೂಪಿಸಲಾಗಿತ್ತು. ಆದರೆ ಬಯಸಿದ ಬಲವಾದ ಎಂಜಿನು ಕೊನೆಗೂ ದೊರೆಯದೆ, ಕಡಿಮೆ ಶಕ್ತಿಯ ಆರ್ಫಿಯಸ್ 703 ಎಂಜಿನುಗಳಿಂದಲೇ ಅದು ತೃಪ್ತಿಪಡಬೇಕಾಯಿತು. ಮೈ ಬಲವಾಗಿದ್ದು ಎಂಜಿನು ಸಾಲದಾದರೆ ಆಸೆ ಕೈಗೂಡುವುದಿಲ್ಲ, ಅಷ್ಟೆ. ಎಂಜಿನು ಬಲವಾಗಿದ್ದು ಮೈ ಸಾಲದಾದರೆ ಆಗುವ ನಷ್ಟ ಬೇರೆ ಬಗೆಯದು.

ಎಂಜಿನಿನ ಕಸಿ ನಮ್ಮ ನಾಡಿಗೆ ಹೊಸತಲ್ಲವೆಂಬುದನ್ನೂ ಮರೆಯಬಾರದು. ಪೆಟ್ರೋಲಿನ ಬೆಲೆ ಏರಿದ ಕಾಲದಲ್ಲಿ ಎಷ್ಟೋ ಅಂಬಾಸಿಡರ್ ಕಾರುಗಳು, ಜೀಪುಗಳು ತಮ್ಮ ಮೂಲ ಎಂಜಿನನ್ನು ಬಿಟ್ಟು ಡೀಸೆಲ್ ಎಂಜಿನನ್ನು ಹೊತ್ತವು. ಬಾಡಿಗೆ ಕಾರು ಓಡಿಸಿ ಸಂಸಾರ ಸಾಗಿಸುವವರಿಗೆ ಅದು ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು. ಆ ಕೆಲಸವನ್ನು ಮಾಡಿದವರು ಪದವಿ ಪಡೆದ ಎಂಜಿನಿಯರುಗಳಲ್ಲ. ಕೈಯಿಂದ ಕೈಗೆ ಬಂದ ಅನುಭವದಿಂದ ಕಲಿತವರು. ಅಂದು ಕಸಿಯ ಉದ್ದೇಶ ಉಳಿತಾಯ, ಇಂದು ವೇಗ. ಉದ್ದೇಶ ಬೇರೆಯಾದರೂ ಕೈಯ ಕೌಶಲ ಅದೇ ಪರಂಪರೆಯದು, ಮತ್ತು ಆ ಕೌಶಲಕ್ಕೆ ನಾನು ಗೌರವ ಕೊಡುತ್ತೇನೆ.

ಈಗ ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಜನವರಿ 9ರಂದು ಈ ಮಾತನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮು, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೂ ಮಾಲೀಕನಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದೆನ್ನುತ್ತದೆ. ಕೆಟ್ಟುಹೋದ ಎಂಜಿನಿನ ಜಾಗಕ್ಕೆ ಅಂಥದೇ ಇನ್ನೊಂದನ್ನು ಅನುಮತಿ ಪಡೆದು ಕೂರಿಸಬಹುದು. ಬೇರೆ ಬಗೆಯ, ಹೆಚ್ಚು ಶಕ್ತಿಯ ಎಂಜಿನಿಗೆ ದಾರಿ ಮುಚ್ಚಿದೆ.

ಕಾನೂನಿನ ಕಾಳಜಿಯನ್ನು ನಾನು ಅಲ್ಲಗಳೆಯುವುದಿಲ್ಲ. ಅದು ಜಾರಿಯಲ್ಲಿರುವವರೆಗೆ ಪಾಲಿಸುವುದು ನಮ್ಮ ಕರ್ತವ್ಯವೂ ಹೌದು. ವಿದ್ಯಾರ್ಥಿಗಳಿಗೆ ನಾನು ಹೇಳುವುದೂ ಅದನ್ನೇ. ಆದರೆ ಸಾರಾಸಗಟು ನಿಷೇಧದ ಒಂದು ದೋಷವನ್ನು ಗುರುತಿಸಲೇಬೇಕು. ನಿಷೇಧಿಸಿದ್ದನ್ನು ಯಾರೂ ಪರೀಕ್ಷಿಸುವುದಿಲ್ಲ. ಬ್ರೇಕನ್ನೂ ಬದಲಿಸಿ ಎಚ್ಚರಿಕೆಯಿಂದ ಮಾಡಿದ ಕೆಲಸವೂ ಎಂಜಿನನ್ನು ಮಾತ್ರ ತುರುಕಿದ ಕೆಲಸವೂ ಕಾನೂನಿನ ಕಣ್ಣಿಗೆ ಒಂದೇ ಅಪರಾಧ. ಹೀಗಿರುವಾಗ ಎಚ್ಚರಿಕೆ ವಹಿಸುವವನಿಗೆ ಸಿಗುವ ಪ್ರಯೋಜನವಾದರೂ ಏನು? ಬ್ರೇಕಿನ ಮಾರ್ಪಾಟು ಅವನ ಲೆಕ್ಕಕ್ಕೆ ಇನ್ನೊಂದು ದಂಡವನ್ನು ಸೇರಿಸುತ್ತದೆ, ಅಷ್ಟೆ. ಜೊತೆಗೆ ವಿಮೆಯ ಪ್ರಶ್ನೆಯಿದೆ. ಮಾರ್ಪಾಟನ್ನು ಮುಚ್ಚಿಟ್ಟ ಕಾರು ಅಪಘಾತಕ್ಕೀಡಾದರೆ ವಿಮಾ ಕಂಪೆನಿ ತಕರಾರು ತೆಗೆಯುತ್ತದೆ. ಆಗ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದವರು ಕಾರಿನ ಮಾಲೀಕರು ಮಾತ್ರವಲ್ಲ. ಪೆಟ್ಟು ತಿಂದ ಪಾದಚಾರಿಯ ಮನೆಯವರೂ ಅಲೆಯಬೇಕಾಗಬಹುದು.

ಬೇರೆ ದೇಶಗಳು ಈ ಗಂಟನ್ನು ಬೇರೆ ರೀತಿಯಲ್ಲಿ ಬಿಡಿಸಿವೆ. ಜರ್ಮನಿಯಲ್ಲಿ ಟಿಯುವಿಯಂತಹ ಸಂಸ್ಥೆಗಳ ತಜ್ಞರು ಮಾರ್ಪಡಿಸಿದ ಕಾರನ್ನು ಪರೀಕ್ಷಿಸುತ್ತಾರೆ. ಒಪ್ಪಿಗೆಯಾದರೆ ಅದನ್ನು ವಾಹನದ ಪತ್ರಗಳಲ್ಲಿ ದಾಖಲಿಸಲಾಗುತ್ತದೆ, ಇಲ್ಲವಾದರೆ ಕಾರು ರಸ್ತೆಗೆ ಇಳಿಯುವಂತಿಲ್ಲ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ 52ನೆಯ ಕಲಮೇ ಸಿಎನ್‌ಜಿ, ಬ್ಯಾಟರಿ ಮೊದಲಾದವುಗಳಿಗೆ ಬದಲಾಯಿಸುವ ಕಿಟ್‌ಗಳಿಗೆ ಷರತ್ತುಬದ್ಧ ಅವಕಾಶವನ್ನು ಕೊಟ್ಟಿದೆ. ಪುಣೆಯ ಎಆರ್‌ಎಐಯಂತಹ ಸಂಸ್ಥೆಗಳು ಆ ಕಿಟ್‌ಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುತ್ತವೆ. ಅನಿಲದ ತೊಟ್ಟಿಯನ್ನು ಹೊತ್ತ ಕಾರನ್ನು ಪರೀಕ್ಷಿಸಿ ಒಪ್ಪಬಹುದಾದರೆ, ಅದೇ ಕಂಪೆನಿಯ ಇನ್ನೊಂದು ಎಂಜಿನನ್ನು ಹೊತ್ತ ಕಾರನ್ನು ಪರೀಕ್ಷಿಸುವುದಕ್ಕೂ ದಾರಿ ಹುಡುಕಬಹುದು.

ಆ ದಾರಿ ಕಿರಿದಾಗಿಯೇ ಇರಲಿ. ಶಕ್ತಿ ಮೂಲದ್ದಕ್ಕಿಂತ ಇಷ್ಟು ಪಾಲು ಮಾತ್ರ ಹೆಚ್ಚಬಹುದೆಂಬ ಮಿತಿ ಇರಲಿ. ಬ್ರೇಕು, ಚುಕ್ಕಾಣಿ, ಹೊಗೆ, ಸದ್ದು ಈ ನಾಲ್ಕರಲ್ಲಿ ಒಂದರಲ್ಲಿ ತಪ್ಪಿದರೂ ಅನುಮತಿ ಸಿಗದಿರಲಿ. ಕೆಲಸ ಮಾಡಿದ ಗ್ಯಾರೇಜಿನ ಹೆಸರು, ಎಂಜಿನಿನ ಮೂಲ, ಅದರ ಸಂಖ್ಯೆ ನೋಂದಣಿ ಪತ್ರದಲ್ಲಿ ಬರಲಿ. ಕದ್ದ ಕಾರಿನ ಎಂಜಿನುಗಳು ನುಸುಳದಂತೆ ತಡೆಯಲು ಇದು ಅಗತ್ಯ. ಹೆಚ್ಚಿನ ಕಂತನ್ನು ಕಟ್ಟಿಸಿಕೊಂಡು ವಿಮೆ ದೊರೆಯಲಿ. ಇದನ್ನೂ ಮೀರಿದ ವೇಗ ಬೇಕೆನ್ನುವವರಿಗೆ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಂತಹ ಓಟದ ಪಥಗಳಿವೆ; ಊರ ರಸ್ತೆ ಅದಕ್ಕೆ ತಕ್ಕ ಜಾಗವಲ್ಲ.

ಬಾಗಿಲು ತೆರೆದರೆ ಹುಚ್ಚು ವೇಗಕ್ಕೆ ಕುಮ್ಮಕ್ಕು ಕೊಟ್ಟಂತಾಗುವುದಿಲ್ಲವೇ ಎಂದು ಕೆಲವರು ಕೇಳಿಯಾರು. ಈ ಭಯ ನಿರಾಧಾರವಲ್ಲ. ಹೆದ್ದಾರಿ ಆರು ಪಥಗಳಾದ ಮೇಲಂತೂ ಕಾಲಿನ ಒತ್ತಡವನ್ನು ಹಿಡಿತದಲ್ಲಿಡುವುದು ಇನ್ನಷ್ಟು ಕಷ್ಟವಾಗಿದೆ. ಆದರೆ ವೇಗದ ಹುಚ್ಚು ಕಾರ್ಖಾನೆಯಿಂದ ಬಂದ ಹೊಸ ಕಾರಿನಲ್ಲಿಯೂ ಇರಬಲ್ಲದು. ಅದನ್ನು ತಡೆಯಬೇಕಾದುದು ರಸ್ತೆಯ ಮೇಲಿನ ತಪಾಸಣೆಯಿಂದ. ಮಾರ್ಪಾಟಿನ ಪರೀಕ್ಷೆ ಮಾಡಬೇಕಾದ ಕೆಲಸ ಬೇರೆ: ಓಡಬಲ್ಲ ಕಾರು ನಿಲ್ಲಲೂ ಬಲ್ಲದೇ ಎಂದು ನೋಡುವುದು.

ಕನ್ನಡ ವಿಭಾಗಕ್ಕೆ ಇದರಲ್ಲಿ ಏನು ಕೆಲಸ? ಬಹಳವಿದೆ. ಇಲ್ಲಿನ ಗ್ಯಾರೇಜುಗಳಲ್ಲಿ ಕೆಲಸ ಕಲಿಯುವ ಅನೇಕರು ಕನ್ನಡ ಮಾಧ್ಯಮದಲ್ಲಿ ಓದಿದವರು. ತಮ್ಮ ಬೆರಳುಗಳು ಬಲ್ಲುದನ್ನು ಬರೆದು ತೋರಿಸಬೇಕಾದಾಗ ಅವರಿಗೆ ಮಾತು ಸಾಲದಾಗುತ್ತದೆ. ಪರೀಕ್ಷೆಯ ವ್ಯವಸ್ಥೆ ನಾಳೆ ಬಂದರೂ ಅರ್ಜಿಯನ್ನೂ ತಾಂತ್ರಿಕ ವರದಿಯನ್ನೂ ಬರೆಯಲಾರದವರು ಹೊರಗೇ ಉಳಿಯುತ್ತಾರೆ. ಆದುದರಿಂದ ದ್ವಿತೀಯ ವರ್ಷದ ವಿದ್ಯಾರ್ಥಿಗಳಿಗೆ ಒಂದು ಸೂಚನೆ: ಈ ಬಾರಿಯ ಕ್ಷೇತ್ರಕಾರ್ಯದಲ್ಲಿ ಸೀತಾಂಗೋಳಿ, ಬದಿಯಡ್ಕ, ಕುಂಬಳೆಗಳ ಗ್ಯಾರೇಜುಗಳಿಗೆ ಹೋಗಿ, ಅಲ್ಲಿ ಬಳಕೆಯಲ್ಲಿರುವ ಪದಗಳನ್ನು ಅವು ಯಾವ ಭಾಷೆಯವಾದರೂ ಸರಿ, ಅರ್ಥಸಹಿತ ಬರೆದುಕೊಂಡು ಬನ್ನಿ. ಹಿರಿಯ ಮೆಕ್ಯಾನಿಕರು ಡೀಸೆಲ್ ಕಸಿಯ ಕಾಲದಲ್ಲಿ ಏನನ್ನು ಅಳೆಯುತ್ತಿದ್ದರು, ಯಾವುದಕ್ಕೆ ಆಗದೆಂದು ಹೇಳಿ ಗಿರಾಕಿಯನ್ನು ಹಿಂದೆ ಕಳುಹಿಸುತ್ತಿದ್ದರು ಎಂಬುದನ್ನು ಮುಖ್ಯವಾಗಿ ಕೇಳಿ. ಆ ಪದಪಟ್ಟಿಯನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸೋಣ.